ಎರಡನೇ ಸಾಲಿನ ಗಂಡ

ದೋಹಾ ಬಳಿಯ ಮುಐದರಿನ ಕೊರಗ ಪೂಜಾರಿ ಕಾನೂನು ಓದಿದವನಲ್ಲ. ಮೂಲ್ಕಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಮುಂಬಯಿಯ ಕ್ಯಾಂಟೀನೊಂದರಲ್ಲಿ ಎಂಟು ವರ್ಷ ದುಡಿದು, ಕತಾರಿಗೆ ಬಂದು ಡ್ರೈವರಾಗಿ, ಕೊನೆಗೆ ಮೆಸಯೀದಿನ ಕಾರ್ಖಾನೆಗಳಿಗೆ ಕೆಲಸಗಾರರನ್ನು ಸಾಗಿಸುವ ಕಂಪನಿಯಲ್ಲಿ ಬಸ್ಸುಗಳ ಸೂಪರ್‌ವೈಸರ್ ಆದವನು. ಆದರೂ ದೋಹಾದ ತುಳುವರು ಅವನನ್ನು ಲಾಯರ್ ಕೊರಗಣ್ಣ ಎಂದೇ ಕರೆಯುತ್ತಿದ್ದರು. ಅರ್ಧ ಜನ ಗೌರವದಿಂದ ಕರೆಯುತ್ತಿದ್ದರು, ಇನ್ನರ್ಧ ಜನ ಬೇರೆ ಕಾರಣಕ್ಕೆ. ಆ ವ್ಯತ್ಯಾಸ ಅವನ ಕಿವಿಗೆ ಎಂದೂ ಬಿದ್ದಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಬಿನ್ ಒಮ್ರಾನಿನ ಒಂದು ಕೆಫೆಟೇರಿಯಾದಲ್ಲಿ ಅವನ ಕಚೇರಿ ತೆರೆಯುತ್ತಿತ್ತು. ಮುಂದೆ ಕರಕ್ ಚಹಾ, ಪಕ್ಕದಲ್ಲಿ ಮೊಬೈಲು, ಎದುರಿಗೆ ಯಾರಾದರೂ ಒಬ್ಬ ಕಕ್ಷಿದಾರ. ಊರಿನಲ್ಲಿ ಜಾಗ ಯಾರ ಹೆಸರಿನಲ್ಲಿ ಕೊಳ್ಳಬೇಕು, ಖಾತೆ ಹೇಗೆ ಬದಲಿಸಬೇಕು, ತಮ್ಮ ಪಾಲು ಕೇಳಿದರೆ ಏನು ಹೇಳಬೇಕು, ಎಲ್ಲಕ್ಕೂ ಅವನಲ್ಲಿ ಉತ್ತರವಿತ್ತು. ಉತ್ತರ ಗೊತ್ತಿಲ್ಲದಾಗ ಅದು ಇನ್ನೂ ಉದ್ದವಾಗುತ್ತಿತ್ತು.

ಅವನ ಸಿದ್ಧಾಂತ ಮಾತ್ರ ಒಂದೇ. "ಗಂಡಸು ತನ್ನ ಹೆಸರಲ್ಲಿ ಒಂದು ಕಲ್ಲೂ ಇಟ್ಟುಕೊಳ್ಳಬಾರದು ಮಾರಾಯ. ನಮ್ಮದು ಅಳಿಯಸಂತಾನ. ನಾನು ಸತ್ತ ಮರುದಿನ ಅಕ್ಕನ ಮಕ್ಕಳು ಬಂದು ಬಾಗಿಲಲ್ಲಿ ನಿಲ್ತಾರೆ. ನಾನು ಸುರತ್ಕಲ್ಲಿನ ಮನೆಯನ್ನು ಪೂರ್ತಿ ಹೆಂಡತಿ ಪ್ರೇಮಾಳ ಹೆಸರಿಗೆ ಮಾಡಿದ್ದೇನೆ. ಈಗ ಬರ್ಲಿ ನೋಡುವ."

ಅಕ್ಕನ ಮಕ್ಕಳಿಬ್ಬರಿಗೂ ಇಂಥದೊಂದು ಯುದ್ಧ ನಡೆಯುತ್ತಿದೆ ಎಂದೇ ಗೊತ್ತಿರಲಿಲ್ಲ. ಒಬ್ಬ ಮೆಸ್ಕಾಂನಲ್ಲಿದ್ದ, ಇನ್ನೊಬ್ಬ ಉಡುಪಿಯಲ್ಲಿ ಮೇಷ್ಟ್ರು. ಮಾವನ ಮನೆಗೆ ಅವರು ಬಂದದ್ದು ಗೃಹಪ್ರವೇಶದ ಒಕ್ಕಲಿನ ದಿನ ಮಾತ್ರ. ಅವತ್ತು ಕುರ್ಚಿ ಎತ್ತಿಟ್ಟು, ಬಡಿಸಿ, ಕೊನೆಗೆ ತಾವು ಉಂಡು ಹೋಗಿದ್ದರು.

ಬಿನ್ ಒಮ್ರಾನಿನಲ್ಲೇ ಟೈಪಿಂಗ್ ಅಂಗಡಿ ಇಟ್ಟಿದ್ದ ಯೂಸ್ಟೇಸ್ ಒಮ್ಮೆ ಹೇಳಿನೋಡಿದ್ದ. ಅವನು ಶಿರ್ವದವನು, ಅರಬ್ಬಿ, ಇಂಗ್ಲಿಷ್, ಕನ್ನಡ ಮೂರರಲ್ಲೂ ಅರ್ಜಿ ಟೈಪಿಸುವವನು. "ಕೊರಗಣ್ಣ, ನೀವು ಗಂಡ ಹೆಂಡತಿ ಇಬ್ಬರೂ ಒಂದೊಂದು ವಿಲ್ ಬರೆದಿಡಿ. ಅರ್ಧ ಗಂಟೆಯ ಕೆಲಸ."

ಕೊರಗ ನಕ್ಕಿದ್ದ. "ನನ್ನ ಹೆಸರಲ್ಲಿ ಏನೂ ಇಲ್ಲ, ನಾನು ಎಂತ ಬರೆಯಲಿ? ಅವಳು ನನಗಿಂತ ಐದು ವರ್ಷ ಸಣ್ಣವಳು, ಅವಳು ಯಾಕೆ ಬರೆಯಬೇಕು? ಸಾವು ಅಂತ ಬಂದ್ರೆ ಸೀನಿಯಾರಿಟಿ ನನ್ನದು."

ಹತ್ತಿರ ಕೂತವರೆಲ್ಲ ನಕ್ಕರು. ಅವನಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ ಮುಂದಿನ ನಾಲ್ಕಾರು ಶುಕ್ರವಾರ ಅದನ್ನೇ ಹೇಳಿದ.

ಪ್ರೇಮಾವತಿ ದೋಹಾಕ್ಕೆ ಬಂದು ಇಪ್ಪತ್ತನಾಲ್ಕು ವರ್ಷವಾಗಿತ್ತು. ಮುಐದರಿನ ಒಂದು ವಿಲ್ಲಾವನ್ನು ಐದು ತುಂಡು ಮಾಡಿದ ಬಾಡಿಗೆ ಮನೆಗಳಲ್ಲಿ ಒಂದು ತುಂಡು ಅವರದು. ಅಲ್ಲಿ ಇಬ್ಬರು ಮಕ್ಕಳನ್ನು ಬೆಳೆಸಿದಳು, ಸುತ್ತಲಿನ ಹೆಂಗಸರ ರವಿಕೆ, ಚೂಡಿದಾರ ಹೊಲಿದಳು. ಸುರತ್ಕಲ್ಲಿನ ಮನೆ ನೋಂದಣಿಯಾದ ದಿನ ಗಂಡ ಬೆರಳಿಟ್ಟು ತೋರಿಸಿದಲ್ಲೆಲ್ಲ ಸಹಿ ಹಾಕಿದಳು. ಹೊರಗೆ ಬಂದು, "ನನ್ನ ಮನೆ ಅಂದ್ರೆ ಅಮ್ಮ ಬಂದು ಇರಬಹುದಲ್ವಾ?" ಎಂದು ಕೇಳಿದ್ದಳು.

"ಇರ್ಲಿ. ಎರಡು ದಿನ, ಮೂರು ದಿನ. ಮತ್ತೆ ಮನೆ ಹಾಳಾಗ್ತದೆ," ಎಂದಿದ್ದ ಕೊರಗ.

ಅವಳ ಅಮ್ಮ ಅಪ್ಪಿ ಪೂಜಾರ್ತಿ ಹಳೆಯಂಗಡಿಯಲ್ಲಿ ಮಗನ ಮನೆಯ ಒಂದು ಮೂಲೆಯಲ್ಲಿದ್ದಳು. ಐವತ್ತು ವರ್ಷ ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವಳು. ಅವಳನ್ನು ಒಮ್ಮೆ ದೋಹಾಕ್ಕೆ ಕರೆಸಬೇಕೆಂದು ಪ್ರೇಮಾವತಿ ಎಷ್ಟು ಸಲ ಹೇಳಿದರೂ ಕೊರಗನ ಹತ್ತಿರ ಕಾರಣವಿತ್ತು. ಬೇಸಿಗೆಯಲ್ಲಿ ಸೆಕೆ, ಚಳಿಗಾಲದಲ್ಲಿ ವೀಸಾ ಬಂದ್. ವೀಸಾದ ವಿಷಯದಲ್ಲಿ ಲಾಯರ್ ಕೊರಗಣ್ಣನಿಗೆ ಎದುರಾಡುವುದು ಹೇಗೆ? ಅವಳು ಸುಮ್ಮನಾಗುತ್ತಿದ್ದಳು.

ಹೋದ ವರ್ಷ ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಹೊಲಿಯುತ್ತಿದ್ದ ಪ್ರೇಮಾವತಿ ತಲೆನೋವೆಂದು ಮಲಗಿದವಳು ಏಳಲಿಲ್ಲ. ಮಿದುಳಿನಲ್ಲಿ ರಕ್ತಸ್ರಾವ ಎಂದರು. ಮೂರು ದಿನ ಆಸ್ಪತ್ರೆಯಲ್ಲಿದ್ದಳು. ಮಗಳು ಗ್ರೀಷ್ಮಾ ಮೂರು ದಿನವೂ ಅಮ್ಮನ ಹಾಸಿಗೆ ಬಿಟ್ಟು ಅಲುಗಲಿಲ್ಲ. ಐವತ್ತನಾಲ್ಕು ವರ್ಷದ ಪ್ರೇಮಾವತಿ ಗಂಡನ ಸೀನಿಯಾರಿಟಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋಗಿಬಿಟ್ಟಳು.

ಕೊರಗ ಅತ್ತ. ಅದರಲ್ಲಿ ನಾಟಕವಿರಲಿಲ್ಲ. ಆದರೆ ಶವವನ್ನು ಊರಿಗೆ ಕಳಿಸುವ ಕಾಗದಪತ್ರದ ವಿಷಯ ಬಂದೊಡನೆ ಅವನ ಅಳು ತನಗೆ ತಾನೇ ನಿಂತಿತು. ಯಾವ ಕಾಗದಕ್ಕೆ ಎಲ್ಲಿ ಮೊಹರು ಎಂದು ಬಂದವರಿಗೆಲ್ಲ ವಿವರಿಸಿದ. ಊರಿನಲ್ಲಿ ಚಪ್ಪರ ಹಾಕಿಸಿದ್ದು, ಅಡಿಗೆಯವರನ್ನು ಗೊತ್ತು ಮಾಡಿದ್ದು, ಹದಿಮೂರು ದಿನ ಓಡಾಡಿದ್ದು ಆ ಇಬ್ಬರು ಅಕ್ಕನ ಮಕ್ಕಳು. ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದ ಮೇಲೆ ಅವರು ಮಾವನ ಹತ್ತಿರ ಬಂದಾಗ ಕೊರಗ ಪಾಲಿನ ಮಾತಿಗೆ ಉತ್ತರ ಜೋಡಿಸಿಕೊಂಡ. ಅವರು ಕೇಳಿದ್ದು, "ಮಾವ, ಬಾಡಿಗೆಯ ಪಾತ್ರೆ ಇವತ್ತೇ ವಾಪಸ್ ಕೊಡುವುದಾ?"

ಮರುದಿನ ಖಾತೆ ತನ್ನ ಹೆಸರಿಗೆ ಬದಲಿಸಲು ಕೊರಗ ಮಂಗಳೂರಿನಲ್ಲಿ ಹೇಮಲತಾ ಎಂಬ ವಕೀಲೆಯ ಕಚೇರಿಗೆ ಹೋದ. ಮೂವತ್ತರ ಆಸುಪಾಸಿನ ಹೆಂಗಸು. ಅವಳಿಗೆ ಕಾನೂನು ಹೇಳಿಕೊಡುವ ಉತ್ಸಾಹದಲ್ಲಿಯೇ ಕೂತ.

"ಪ್ರಾಪರ್ಟಿ ಹೆಂಡತಿಯದು. ಹೆಂಡತಿ ಇಲ್ಲ. ಅಂದ ಮೇಲೆ ಗಂಡನಿಗೆ ಬರ್ತದೆ. ಫಾರ್ಮಾಲಿಟಿ ಅಷ್ಟೆ," ಎಂದ.

"ವಿಲ್ ಇದೆಯಾ?"

"ಇಲ್ಲ. ಅದರ ಅಗತ್ಯ ಇರ್ಲಿಲ್ಲ."

"ನೀವು ಪೂಜಾರಿಗಳು. ಹೆಂಡತಿಯ ಮನೆಯವರೂ ಅಳಿಯಸಂತಾನದವರೇ ಅಲ್ವಾ?"

"ಹೌದು. ಅದಕ್ಕೇ ನಾನು ಮುಂದಾಲೋಚನೆಯಿಂದ ಅವಳ ಹೆಸರಿಗೆ ಮಾಡಿದ್ದು. ಇಲ್ಲದಿದ್ರೆ ಅಕ್ಕನ ಮಕ್ಕಳು…"

ಹೇಮಲತಾ ಪೆನ್ನು ಕೆಳಗಿಟ್ಟಳು. "ಸರ್, ನೀವು ಸ್ವಂತ ದುಡಿದದ್ದು ನಿಮ್ಮ ಹೆಸರಲ್ಲಿ ಇದ್ದಿದ್ರೆ ಅಕ್ಕನ ಮಕ್ಕಳಿಗೆ ಬರ್ತಿರಲಿಲ್ಲ. ಹೆಂಡತಿ, ಮಕ್ಕಳು, ತಾಯಿ ಇದ್ದರೆ ಅವರಿಗೇ. ಐವತ್ತಾರರ ಕಾಯ್ದೆ ಬಂದ ಮೇಲೆ ಹಾಗೆ."

ಕೊರಗ ಹುಟ್ಟುವ ಮೊದಲೇ ಬಂದ ಕಾಯ್ದೆ ಅದು. "ಇರ್ಬಹುದು," ಎಂದ ಅವನು. "ಈಗ ಹೆಂಡತಿಯ ವಿಷಯ ಹೇಳಿ."

"ಅಳಿಯಸಂತಾನದ ಹೆಂಗಸು ವಿಲ್ ಬರೆಯದೆ ತೀರಿಕೊಂಡ್ರೆ ಅದೇ ಕಾಯ್ದೆಯಲ್ಲಿ ಬೇರೆ ಕ್ರಮ ಉಂಟು. ಮೊದಲನೇ ಸಾಲಿನಲ್ಲಿ ಅವಳ ಮಕ್ಕಳು ಮತ್ತು ಅವಳ ತಾಯಿ. ಎರಡನೇ ಸಾಲಿನಲ್ಲಿ ಅವಳ ತಂದೆ ಮತ್ತು ಗಂಡ."

"ಎರಡನೇ ಸಾಲಿಗೆ ಯಾವಾಗ ಬರುವುದು?"

"ಮೊದಲನೇ ಸಾಲಿನಲ್ಲಿ ಯಾರೂ ಇಲ್ಲದಿದ್ರೆ ಮಾತ್ರ."

ಫ್ಯಾನು ತಿರುಗುತ್ತಿತ್ತು. ಕೊರಗ ಅದನ್ನು ನೋಡಿದ.

"ಅತ್ತೆ ಇದ್ದಾರಾ?" ಎಂದಳು ಹೇಮಲತಾ.

"ಇದ್ದಾರೆ. ಎಂಬತ್ತೊಂದು. ಗಟ್ಟಿ ಇದ್ದಾರೆ," ಎಂದ ಕೊರಗ, ದೂರು ಕೊಡುವವನ ಧ್ವನಿಯಲ್ಲಿ.

"ಹಾಗಾದ್ರೆ ಮೂರು ಪಾಲು. ಮಗ, ಮಗಳು, ಅತ್ತೆ."

"ದುಡಿದವ ನಾನು ಅಮ್ಮ. ಮೂವತ್ತು ವರ್ಷ ಆ ಬಿಸಿಲಿನಲ್ಲಿ."

"ನನ್ನ ದುಡ್ಡು, ಅವಳದು ಹೆಸರು ಮಾತ್ರ ಅಂತ ಕೇಸು ಹಾಕಬಹುದು. ನಿಮ್ಮ ಮಕ್ಕಳ ಮೇಲೆ, ಅತ್ತೆಯ ಮೇಲೆ. ವರ್ಷಗಟ್ಟಲೆ ಹೋಗ್ತದೆ. ಆದ್ರೆ ಅವಳಿಗೆ ಕೊಟ್ಟದ್ದಲ್ಲ ಅಂತ ನೀವೇ ತೋರಿಸಬೇಕು. ಪೂರ್ತಿ ಅವಳದೇ ಅಂತ ನೀವು ಯಾರ ಹತ್ತಿರವೂ ಹೇಳಿಲ್ಲ ತಾನೇ?"

ಅವನು ಹೇಳದೇ ಉಳಿದವರು ದೋಹಾದಲ್ಲಿ ಯಾರೂ ಇರಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಅದನ್ನು ಬರೆದೂ ಹಾಕಿದ್ದ, ಕೊನೆಯಲ್ಲಿ ಕೈಮುಗಿಯುವ ಚಿತ್ರದೊಂದಿಗೆ. ಆ ಗುಂಪಿನಲ್ಲಿ ಇನ್ನೂರ ಹನ್ನೆರಡು ಸಾಕ್ಷಿಗಳಿದ್ದರು.

ದೋಹಾಕ್ಕೆ ಮರಳಿದ ಮೇಲೆ ಶುಕ್ರವಾರದ ಊಟಕ್ಕೆ ಮಕ್ಕಳನ್ನು ಕರೆದ. ಮಗ ಸುಶಾಂತ್ ಮೆಸಯೀದಿನ ಒಂದು ಸ್ಥಾವರದಲ್ಲಿ ಸೇಫ್ಟಿ ಆಫೀಸರ್, ಹೆಂಡತಿ ಜ್ಯೋತ್ಸ್ನಾಳೊಂದಿಗೆ ಅಲ್ಲೇ ಕಂಪನಿ ಕ್ವಾರ್ಟರ್ಸಿನಲ್ಲಿದ್ದ. ಗ್ರೀಷ್ಮಾ ಬಿನ್ ಒಮ್ರಾನಿನಲ್ಲಿ ಗಂಡನೊಂದಿಗಿದ್ದಳು, ಒಂದು ಕ್ಲಿನಿಕ್ಕಿನ ಕೌಂಟರಿನಲ್ಲಿ ಕೆಲಸ. ಹೊರಗಿನಿಂದ ತರಿಸಿದ ಕೋರಿ ರೊಟ್ಟಿ ಮುಗಿಯುವ ತನಕ ಕೊರಗ ಕಾದ. ಆಮೇಲೆ ವಿಷಯ ಎತ್ತಿದ. ನನಗೆ ಮುಂದಿನ ವರ್ಷ ಅರವತ್ತು, ಕಂಪನಿ ಕಳಿಸ್ತದೆ, ಊರಿನಲ್ಲಿ ತಲೆ ಇಡಲು ನನ್ನದು ಅಂತ ಒಂದು ಬೇಕು, ಇಬ್ಬರೂ ನಿಮ್ಮ ಪಾಲು ನನಗೆ ಬಿಟ್ಟು ಕೊಡಿ.

"ಈಗ ಅರ್ಜೆಂಟ್ ಎಂತ ಪಪ್ಪ?" ಎಂದ ಸುಶಾಂತ್. "ಅದು ನಿಮ್ಮದೇ ಮನೆ ಅಲ್ವಾ?"

"ನನ್ನದೇ ಆದ್ರೆ ಸೈನ್ ಹಾಕು."

"ನಿಮ್ಮದೇ ಆದ್ರೆ ನನ್ನ ಸೈನ್ ಯಾಕೆ?"

ಈ ತರ್ಕ ಅವನು ಅಪ್ಪನಿಂದಲೇ ಕಲಿತದ್ದು. ಜ್ಯೋತ್ಸ್ನಾ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಗಂಡ ಸರಿಯಾದ ಉತ್ತರ ಹೇಳಿದ ಸಮಾಧಾನ ಅವಳ ಬೆನ್ನಿನಲ್ಲೇ ಕಾಣುತ್ತಿತ್ತು.

"ಅಣ್ಣ ಹಾಕಿದ ದಿನ ನಾನೂ ಹಾಕ್ತೇನೆ," ಎಂದಳು ಗ್ರೀಷ್ಮಾ.

"ಅಜ್ಜಿ ಹಾಕಿದ ದಿನ ನಾನೂ ಹಾಕ್ತೇನೆ," ಎಂದ ಸುಶಾಂತ್. ಎಂಬತ್ತೊಂದರ ಅಜ್ಜಿಯನ್ನು ಯಾರೂ ಅಷ್ಟು ದೂರ ಹೋಗಿ ಒಪ್ಪಿಸಲಾರರು ಎಂಬ ಧೈರ್ಯ ಅವನಿಗೆ.

ಕೊರಗ ಎರಡು ದಿನ ಯೋಚಿಸಿದ. ಹಳೆಯಂಗಡಿಗೆ ಹೋಗಿ ಕೇಳಬಹುದು. ಆದರೆ ಅಲ್ಲಿ ಅತ್ತೆಯ ಎರಡು ಕಿವಿಗೆ ಹತ್ತು ಬಾಯಿಗಳಿದ್ದವು. ಮಗ, ಸೊಸೆ, ನೆರೆಮನೆಯವರು. ದೋಹಾದಲ್ಲಾದರೆ ಒಂದೇ ಬಾಯಿ, ಅದು ತನ್ನದು. ಮೂರನೆಯ ದಿನ ಅತ್ತೆಗೆ ಫೋನ್ ಮಾಡಿದ.

"ಮಾಮಿ, ನೀವು ಒಮ್ಮೆ ಇಲ್ಲಿಗೆ ಬರಬೇಕು. ಪ್ರೇಮಾಳಿಗೆ ಅದೊಂದು ಆಸೆ ಇತ್ತು."

"ವೀಸಾ ತೆರೆಯಿತಾ?" ಎಂದು ಕೇಳಿದಳು ಅಪ್ಪಿ.

"ತೆರೆಯಿತು."

ಇಪ್ಪತ್ತು ವರ್ಷ ಸಿಗದ ವೀಸಾ ಆರು ದಿನಕ್ಕೆ ಸಿಕ್ಕಿತು. ಏಪ್ರಿಲಿನ ಒಂದು ಸಂಜೆ ಅಪ್ಪಿ ಪೂಜಾರ್ತಿ ದೋಹಾದಲ್ಲಿ ಇಳಿದಳು. ಬೀಡಿ ಎಲೆ ಸುರುಳಿ ಮಾಡಿ ಮಾಡಿ ಅವಳ ಬೆರಳಿನ ಗೆರೆಗಳು ಸವೆದು ಹೋಗಿದ್ದವು. ವಿಮಾನ ನಿಲ್ದಾಣದ ಬೆರಳಚ್ಚಿನ ಯಂತ್ರ ಎಷ್ಟು ಸಲ ಒತ್ತಿದರೂ ಹಿಡಿಯಲಿಲ್ಲ. ಅಧಿಕಾರಿ ಕೊನೆಗೆ ಮುಖ ನೋಡಿ, "ಖಲಾಸ್, ಯಲ್ಲಾ ಮಾಮಾ," ಎಂದು, ಸಾಕು ಹೋಗಮ್ಮ ಎನ್ನುವ ಹಾಗೆ ಕೈಬೀಸಿ ಬಿಟ್ಟ. ಅವಳು ಅವನಿಗೆ ತುಳುವಿನಲ್ಲಿ ಒಳ್ಳೆಯದಾಗಲಿ ಎಂದು ಹೇಳಿ ಗಾಲಿಕುರ್ಚಿಯಲ್ಲಿ ಹೊರಗೆ ಬಂದಳು.

ಮೂವತ್ತು ವರ್ಷದಲ್ಲಿ ತಾನು ಉಂಡ ತಟ್ಟೆ ಎತ್ತದ ಕೊರಗ ಮರುದಿನದಿಂದ ಅತ್ತೆಗೆ ಬಂಗುಡೆ ಮೀನು ಹೆಚ್ಚಿ ತೊಳೆಯತೊಡಗಿದ. ಅವಳ ಗಂಜಿಗೆ ಕುಚಲಕ್ಕಿ ಹುಡುಕಿಕೊಂಡು ಮೂರು ಅಂಗಡಿ ತಿರುಗಿದ. ರಜೆ ಹಾಕಿ ಕಡಲದಂಡೆಯ ಕೋರ್ನಿಶ್ ತೋರಿಸಿದ, ಒಳಗೆ ಕಾಲುವೆ ತೋಡಿ ದೋಣಿ ಬಿಟ್ಟಿರುವ ಮಾಲಿನಲ್ಲಿ ದೋಣಿ ಹತ್ತಿಸಿದ. ಸಮುದ್ರದ ಬದಿಯಲ್ಲೇ ಹುಟ್ಟಿ ಬೆಳೆದ ಅಪ್ಪಿ ಆ ಮೊಣಕಾಲುದ್ದದ ನೀರನ್ನು ನೋಡಿ, "ಇದಕ್ಕೆ ದೋಣಿ ಯಾಕೆ? ನಡೆದು ಹೋದ್ರೆ ಆಗದಾ?" ಎಂದಳು. ಆದರೆ ಎರಡು ಸುತ್ತು ಹಾಕಿಸಿಕೊಂಡಳು. ಅವಳಿಗೆ ಎಲ್ಲವೂ ಇಷ್ಟವಾಯಿತು. ಇನ್ನೂ ಏನೇನಿದೆ ಎಂದು ಕೇಳಿ ಕೇಳಿ ಹೋದಳು. ಮಾತಿನ ನಡುವೆ ಕೊರಗ ಒಮ್ಮೆ "ಒಂದು ಸಣ್ಣ ಕಾಗದ ಉಂಟು ಮಾಮಿ," ಎಂದಾಗ, "ಆಗ್ಲಿ, ಮೊದಲು ಒಂಟೆ ನೋಡುವ," ಎಂದಳು.

ಅವನು ಡ್ಯೂಟಿಗೆ ಹೋದ ದಿನಗಳಲ್ಲಿ ಅವಳು ಪಕ್ಕದ ತುಂಡಿನಲ್ಲಿದ್ದ ನಜ್ಮಾಳ ಮನೆಯಲ್ಲಿ ಕೂರುತ್ತಿದ್ದಳು. ನಜ್ಮಾ ಉಳ್ಳಾಲದ ಬ್ಯಾರಿ ಹೆಂಗಸು, ತುಳು ನೀರಿನ ಹಾಗೆ ಆಡುತ್ತಿದ್ದಳು. ಪ್ರೇಮಾವತಿಯೊಂದಿಗೆ ಹನ್ನೊಂದು ವರ್ಷ ಒಂದೇ ಗೋಡೆ ಹಂಚಿಕೊಂಡವಳು.

"ಪ್ರೇಮಕ್ಕ ದಿನಾ ನಿಮ್ಮ ವಿಷಯ ಹೇಳ್ತಿದ್ರು ಅಜ್ಜಿ," ಎಂದಳು ಒಂದು ದಿನ. "ನನ್ನ ಉಮ್ಮ ಬಂದಾಗೆಲ್ಲ ಅವರಿಗೆ ಬೇಜಾರು. ನಮ್ಮಮ್ಮನಿಗೆ ಮಾತ್ರ ವೀಸಾ ಆಗುವುದಿಲ್ಲ ನೋಡು ಅಂತ."

"ನಿನ್ನ ಉಮ್ಮ ಬಂದಿದ್ರಾ?"

"ಮೂರು ಸಲ. ಕೊರೋನಾದಲ್ಲಿ ಬಂದ್ ಇತ್ತು. ಮತ್ತೆಲ್ಲ ತೆರೆದೇ ಇತ್ತಲ್ಲ."

ನಜ್ಮಾ ಏನೂ ಅರಿಯದೆ ಹೇಳಿದ್ದಳು. ಅಪ್ಪಿ ಚಹಾ ಕುಡಿದು ಮುಗಿಸಿ, ಲೋಟ ತೊಳೆದಿಟ್ಟು, ಮನೆಗೆ ಬಂದು ಮಲಗಿದಳು. ಸಂಜೆ ಅಳಿಯ ಬಂದಾಗ ತಾನಾಗಿಯೇ ಹೇಳಿದಳು. "ಅಳಿಯ, ಆ ಕಾಗದದ ಕೆಲಸ ಮುಗಿಸಿಬಿಡುವ."

ಶನಿವಾರ ಬೆಳಿಗ್ಗೆ ಯೂಸ್ಟೇಸನ ಅಂಗಡಿಗೆ ಹೋದರು. ಅತ್ತೆ ತನ್ನ ಪಾಲನ್ನು ಅಳಿಯನಿಗೆ ದಾನ ಕೊಡಲು ಊರಿನಲ್ಲೊಬ್ಬರಿಗೆ ಅಧಿಕಾರ ಕೊಡುವ ಪತ್ರ ಅದು. ಸಹಿಯಾದರೆ ಮರುದಿನ ರಾಯಭಾರ ಕಚೇರಿಯಲ್ಲಿ ಮೊಹರು. ಒಕ್ಕಣೆ ಕೊರಗನದೇ. ರಾತ್ರಿಯಿಡೀ ಕೂತು ಬರೆದದ್ದು. ಅಂಗಡಿಯಲ್ಲಿ ಇನ್ನೂ ನಾಲ್ವರು ಕಾಯುತ್ತಿದ್ದರು. ಅವರಲ್ಲೊಬ್ಬ ಭೈರಪ್ಪ, ಮೈಸೂರಿನ ಅಕೌಂಟೆಂಟ್, ಎಲ್ಲ ಆಸ್ತಿಯನ್ನೂ ಹೆಂಡತಿಯ ಹೆಸರಿಗೆ ಮಾಡಬೇಕೆಂದು ಕೊರಗನಿಂದಲೇ ಸಲಹೆ ಪಡೆದು ಅದರ ಕಾಗದಕ್ಕೆ ಬಂದವನು.

"ನನಗೆ ಓದಿ ಹೇಳು ಮಗ. ಅರ್ಥ ಆಗುವ ಹಾಗೆ," ಎಂದಳು ಅಪ್ಪಿ ಯೂಸ್ಟೇಸನಿಗೆ.

ಯೂಸ್ಟೇಸ್ ಕೊರಗನ ಮುಖ ನೋಡಿ, ಓದತೊಡಗಿದ. "ಅಪ್ಪಿ ಪೂಜಾರ್ತಿ ಎಂಬ ನಾನು, ಯಾರ ಒತ್ತಾಯವೂ ಇಲ್ಲದೆ, ಪೂರ್ಣ ಎಚ್ಚರದಿಂದ, ನನ್ನ ಅಳಿಯನು ನನ್ನನ್ನು ಜೀವಮಾನವಿಡೀ ಪ್ರೀತಿ ವಿಶ್ವಾಸಗಳಿಂದ ನೋಡಿಕೊಂಡಿರುವ ಕಾರಣ…"

"ನಿಲ್ಲಿಸು," ಎಂದಳು ಅಪ್ಪಿ. "ಜೀವಮಾನವಿಡೀ ಅಂದ್ರೆ ಯಾರ ಜೀವಮಾನ?"

"ಹಾಗೆ ಬರೆಯುವುದು ಕ್ರಮ ಮಾಮಿ," ಎಂದ ಕೊರಗ.

"ನಾನು ಬಂದು ಎಷ್ಟು ದಿನ ಆಯ್ತು?"

"ಹದಿನೆಂಟು."

"ಹಾಗಾದ್ರೆ ಹದಿನೆಂಟು ದಿನ ಅಂತ ಬರೆ ಮಗ. ಈ ಹದಿನೆಂಟು ದಿನ ಚೆಂದ ನೋಡಿಕೊಂಡಿದ್ದಾರೆ, ಸುಳ್ಳು ಹೇಳಬಾರದು. ಮೀನು ಕೂಡ ಹೆಚ್ಚಿದ್ದಾರೆ."

ಕಾಯುತ್ತಿದ್ದವರಲ್ಲಿ ಯಾರೋ ಕೆಮ್ಮಿದರು.

"ಮಾಮಿ, ಮೊದಲೇ ಕರೆಸಬೇಕು ಅಂತ ಇತ್ತು. ವೀಸಾ…"

"ನಜ್ಮಾನ ಉಮ್ಮನಿಗೆ ತೆರೆದಿತ್ತಂತೆ. ಮೂರು ಸಲ."

ಅಪ್ಪಿ ಅವನನ್ನು ಹೆಚ್ಚು ಹೊತ್ತು ನೋಡಲಿಲ್ಲ. ಸೆರಗು ಸರಿಮಾಡಿಕೊಂಡು ಕೇಳಿದಳು.

"ಇದು ಇರ್ಲಿ. ನಾನು ಹೀಗೇ ಸತ್ತರೆ ನನ್ನ ಪಾಲು ಯಾರಿಗೆ ಹೋಗ್ತದೆ?"

ಕೊರಗನಿಗೆ ತಡೆಯಲಾಗಲಿಲ್ಲ. ಯಾರಾದರೂ ಕಾನೂನು ಕೇಳಿದರೆ ಹೇಳದೆ ಇರುವುದು ಅವನ ದೇಹಕ್ಕೇ ಆಗದ ಕೆಲಸ. "ನಿಮ್ಮ ಮಗನಿಗೆ ಅರ್ಧ. ಪ್ರೇಮಾಳ ಮಕ್ಕಳಿಬ್ಬರಿಗೂ ಸೇರಿ ಇನ್ನರ್ಧ," ಎಂದ.

"ನಿಮಗೆ?"

"ನನಗೆ ಇಲ್ಲ."

"ಬರೆದಿಟ್ಟರೆ?"

"ಬರೆದಿಟ್ಟರೆ ಯಾರಿಗೆ ಬರೆದಿದ್ದೀರೋ ಅವರಿಗೆ."

"ಅದನ್ನು ಇಲ್ಲಿ ಬರೆಯಲಿಕ್ಕೆ ಆಗ್ತದಾ?"

"ಆಗ್ತದೆ. ಇಬ್ಬರು ಸಾಕ್ಷಿ ಇದ್ದರೆ ಸಾಕು," ಎಂದ ಕೊರಗ, ಮತ್ತು ಹೇಳಿ ಮುಗಿದ ಮೇಲೆ ಬಾಯಿ ಮುಚ್ಚಿದ.

"ಹಾಗಾದ್ರೆ ಬರೆ ಮಗ," ಎಂದಳು ಅಪ್ಪಿ. "ನನ್ನ ಪಾಲು ಗ್ರೀಷ್ಮಾನಿಗೆ. ನನ್ನ ಮಗನಿಗೆ ಮನೆ ಉಂಟು. ಸುಶಾಂತನಿಗೆ ಬುದ್ಧಿ ಉಂಟು, ಅವನು ಹೇಗೂ ಮಾಡಿಕೊಳ್ತಾನೆ. ಮಗು ಮೂರು ದಿನ ಆಸ್ಪತ್ರೆಯಲ್ಲಿ ಅಮ್ಮನ ಕೈ ಬಿಡ್ಲಿಲ್ಲ. ಅವಳಿಗೆ ಹೋಗ್ಲಿ."

ಯೂಸ್ಟೇಸನ ಬೆರಳುಗಳು ಕೀಲಿಮಣೆಯ ಮೇಲೆ ಓಡಿದವು.

"ಮತ್ತೆ ಒಂದು ಮಾತು ಬರೆ. ಮೂರರಲ್ಲಿ ಒಂದು ಪಾಲು ಅಂದ್ರೆ ಒಂದು ಕೋಣೆಯಾದ್ರೂ ಬರ್ತದಲ್ಲ. ನಾನು ಇರುವ ತನಕ ಆ ಕೋಣೆಯಲ್ಲಿ ನಾನು ಇರ್ತೇನೆ. ಅಳಿಯ ಚಾವಡಿಯಲ್ಲಿ ಮಲಗ್ಲಿ. ನನ್ನ ನಂತರ ಅವರು ಸಾಯುವ ತನಕ ಆ ಕೋಣೆ ಅವರಿಗೆ. ಗ್ರೀಷ್ಮಾ ಆಗ್ಲಿ, ಅವಳ ಗಂಡ ಆಗ್ಲಿ, ಎಬ್ಬಿಸಬಾರದು. ಕರೆಂಟ್ ಬಿಲ್ಲು ಅವರೇ ಕಟ್ಲಿ."

ಒಂದು ಸಾಕ್ಷಿ ಯೂಸ್ಟೇಸ್. ಇನ್ನೊಂದಕ್ಕೆ ಅವನು ಅಭ್ಯಾಸಬಲದಿಂದ ಕೊರಗನ ಕಡೆ ಪೆನ್ನು ಚಾಚಿದ. "ನಾನು ಹಾಕುವ ಹಾಗಿಲ್ಲ," ಎಂದ ಕೊರಗ ತಗ್ಗಿದ ಧ್ವನಿಯಲ್ಲಿ. "ನನಗೆ ಕೋಣೆ ಸಿಗ್ತದಲ್ಲ. ಲಾಭ ಇರುವವ ಸಾಕ್ಷಿ ಹಾಕಬಾರದು." ಹಾಗಾಗಿ ಭೈರಪ್ಪ ಎದ್ದು ಬಂದ. ಸಾಕ್ಷರತಾ ಆಂದೋಲನದ ಕಾಲದಲ್ಲಿ ಲಾಟೀನಿನ ಬೆಳಕಲ್ಲಿ ಕಲಿತ ಸಹಿಯನ್ನು ಅಪ್ಪಿ ಒಂದೊಂದೇ ಅಕ್ಷರವಾಗಿ ಬರೆದಳು. ಭೈರಪ್ಪನೂ ಸಹಿ ಹಾಕಿ, ತಾನು ತಂದಿದ್ದ ಕಾಗದಗಳನ್ನು ಮಡಿಸಿ ಜೇಬಿಗಿಟ್ಟುಕೊಂಡು, "ನಾನು ಇನ್ನೊಂದು ದಿನ ಬರ್ತೀನಿ ಕಣ್ರೀ," ಎಂದು ಹೊರಟ.

ಇಬ್ಬರೂ ಕಾರಿನಲ್ಲಿ ಮನೆಗೆ ಹೊರಟರು. ಸಿಗ್ನಲ್ಲಿನಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಕೊರಗ ಸ್ಟಿಯರಿಂಗ್ ಹಿಡಿದುಕೊಂಡು ಮುಂದೆ ನೋಡುತ್ತಲೇ ಹೇಳಿದ.

"ವೀಸಾ ತೆರೆದೇ ಇತ್ತು ಮಾಮಿ. ನಾನು ಅರ್ಜಿಯೇ ಹಾಕಿರಲಿಲ್ಲ."

"ಗೊತ್ತಾಯ್ತು."

"ನೀವು ಬಂದ್ರೆ ಅವಳು ನಿಮ್ಮ ಹತ್ತಿರ ಎಂತದಾದ್ರೂ ಹೇಳಿಯಾಳು ಅಂತ. ನನ್ನ ವಿಷಯ."

"ಹೇಳಿರಲಿಲ್ಲ," ಎಂದಳು ಅಪ್ಪಿ. "ಫೋನಿನಲ್ಲಿ ಯಾವಾಗ್ಲೂ ಅವರು ಒಳ್ಳೆಯವರು, ಮಾತು ಸ್ವಲ್ಪ ಜಾಸ್ತಿ ಅಂತ ಮಾತ್ರ ಹೇಳ್ತಿದ್ದಳು."

ಹಸಿರು ಬಂತು. ಹಿಂದಿನ ಕಾರು ಹಾರ್ನ್ ಮಾಡಿತು. ಕೊರಗನಿಗೆ ದಾರಿ ಮಸುಕಾಗಿ ಕಾಣುತ್ತಿತ್ತು. ಪ್ರೇಮಾ ಸತ್ತಾಗ ಅರ್ಧಕ್ಕೆ ನಿಂತಿದ್ದ ಅಳು ಅದು, ಈ ಸಲ ಕಾಗದಪತ್ರದ ನೆಪ ಹೇಳಿ ನಿಲ್ಲಿಸಲು ಆಗದಂಥದ್ದು. ಅಪ್ಪಿ ಸೆರಗಿನ ತುದಿ ಅವನ ಕಡೆ ಚಾಚಿದಳು. "ಒರೆಸಿಕೊಳ್ಳಿ. ನನಗೆ ಹಸಿವಾಗ್ತದೆ," ಎಂದಳು.

ಇಷ್ಟಾದ ಮೇಲೆ ಮನುಷ್ಯ ಬದಲಾಗಿರಬೇಕು ಎಂದು ಯಾರಿಗಾದರೂ ಅನಿಸಬಹುದು. ಅಪ್ಪಿ ಊರಿಗೆ ಮರಳಿ ಮೂರು ವಾರಕ್ಕೆ ಕೊರಗ ಮತ್ತೆ ಕೆಫೆಟೇರಿಯಾದ ತನ್ನ ಕುರ್ಚಿಯಲ್ಲಿದ್ದ. ಈಗ ಅವನ ಸಿದ್ಧಾಂತ ಬೇರೆ. "ವಿಲ್ ಇಲ್ಲದೆ ಸಾಯುವುದು ಅಂದ್ರೆ ಮಕ್ಕಳಿಗೆ ಮಾಡುವ ದ್ರೋಹ ಮಾರಾಯ. ನಮ್ಮ ಅತ್ತೆಗೆ ಎಂಬತ್ತೊಂದು. ದೋಹಾಕ್ಕೆ ಕರೆಸಿ ವಿಲ್ ಬರೆಸಿದ್ದು ಯಾರು? ಈ ಕೊರಗ. ಕಾಯ್ದೆ ಒಂದೊಂದಾಗಿ ವಿವರಿಸಿ ಹೇಳಿದೆ. ಯೂಸ್ಟೇಸನ ಹತ್ತಿರ ಕೇಳಿ ಬೇಕಾದ್ರೆ."

ಯೂಸ್ಟೇಸನ ಹತ್ತಿರ ಕೇಳಿದರೆ, "ಹೌದು, ವಿವರಿಸಿದ್ದಾರೆ," ಎನ್ನುತ್ತಿದ್ದ. ಅದರಲ್ಲಿ ಸುಳ್ಳಿರಲಿಲ್ಲ. ಆ ತಿಂಗಳು ಅವನ ಅಂಗಡಿಯಲ್ಲಿ ಹನ್ನೊಂದು ವಿಲ್ ಟೈಪಾದವು, ಒಂದು ಭೈರಪ್ಪನದು.

ಸುಶಾಂತ್ ಅಜ್ಜಿಯ ಉಯಿಲಿನ ಸುದ್ದಿ ಕೇಳಿ ಒಂದು ವಾರ ಅಪ್ಪನಿಗೆ ಫೋನ್ ಮಾಡಲಿಲ್ಲ. ಜ್ಯೋತ್ಸ್ನಾ ಎರಡು ವಾರ. ಮೂರನೆಯ ವಾರ ಇಬ್ಬರೂ ಅಜ್ಜಿಗೆ ವಿಡಿಯೋ ಕಾಲ್ ಮಾಡಿ, ಮುಂದಿನ ಸಲ ದೋಹಾಕ್ಕೆ ಬಂದರೆ ಮೆಸಯೀದಿನಲ್ಲಿ ನಮ್ಮ ಮನೆಯಲ್ಲೇ ಉಳಿಯಬೇಕು ಎಂದು ಒತ್ತಾಯ ಮಾಡಿದರು. "ಬರುವ," ಎಂದಳು ಅಪ್ಪಿ. "ನಿಮ್ಮಲ್ಲಿ ಒಂಟೆ ಉಂಟಾ?"

ಈ ವರ್ಷದ ಆರಂಭದಲ್ಲಿ ಕೊರಗನಿಗೆ ಅರವತ್ತು ತುಂಬಿತು. ಕಂಪನಿ ಒಂದು ಕೇಕು ಕತ್ತರಿಸಿ, ಒಂದು ಗಡಿಯಾರ ಕೊಟ್ಟು, ಅವನ ವೀಸಾ ರದ್ದು ಮಾಡಿತು. ಅವನು ಸುರತ್ಕಲ್ಲಿಗೆ ಬಂದು ಇಳಿದಾಗ ಅಪ್ಪಿ ಆಗಲೇ ಹಳೆಯಂಗಡಿಯಿಂದ ಒಂದು ಪೆಟ್ಟಿಗೆ, ಒಂದು ಚಾಪೆಯೊಂದಿಗೆ ಬಂದು ಪೂರ್ವದಿಕ್ಕಿನ ಕೋಣೆ ಹಿಡಿದಿದ್ದಳು. ಚಾವಡಿಯಲ್ಲಿ ಅಳಿಯನಿಗೊಂದು ಮಂಚ ಹಾಕಿಸಿದ್ದಳು, ಹೊಸ ಹಾಸಿಗೆಯೊಂದಿಗೆ.

ಈಗ ದಿನಾ ಬೆಳಿಗ್ಗೆ ಏಳಕ್ಕೆ ಕೊರಗ ಚೀಲ ಹಿಡಿದು ಮೀನು ಮಾರುಕಟ್ಟೆಗೆ ಹೋಗುತ್ತಾನೆ. ಅಲ್ಲಿ ಯಾರಿಗೂ ಅವನು ಲಾಯರ್ ಎಂದು ಗೊತ್ತಿಲ್ಲ. ಮೀನಿನ ಹೆಂಗಸೊಬ್ಬಳಿಗೆ ಅವಳ ಗಂಡನ ಜಾಗದ ವಿಷಯ ಕೇಳಿ ಸಲಹೆ ಕೊಡಲು ಒಂದು ದಿನ ಶುರುಮಾಡಿದ. ಅವಳು ಬೂತಾಯಿ ಎಣಿಸುತ್ತಲೇ, "ಅಣ್ಣ, ಹಿಂದೆ ಜನ ನಿಂತಿದ್ದಾರೆ, ಬೇಗ ಹೇಳಿ, ಎಷ್ಟು ಬೇಕು?" ಎಂದು ಕೇಳಿದಳು.

ಮನೆಯಲ್ಲಿ ಎಷ್ಟು ಹೇಳಿದ್ದರು ಎಂದು ನೆನಪಾಗದೆ ಅವನು ಫೋನ್ ತೆಗೆದು ಅತ್ತೆಗೆ ಕರೆ ಮಾಡಿದ.